ಹುಂಜದ ಜೋಲು ಊದಿದಾಗ: ಹಿರೇನಲ್ಲೂರಿನ ಕೋಳಿ ಸಾಕುವ ಮನೆಗಳಿಗೆ ಮಾಗಿಯ ಸೂಚನೆ

ಹಿರೇನಲ್ಲೂರು ಹೋಬಳಿಯಲ್ಲಿ ಹಿತ್ತಲಲ್ಲಿ ನಾಟಿ ಕೋಳಿಯನ್ನೋ ಗಿರಿರಾಜವನ್ನೋ ಸಾಕಿಕೊಂಡಿರುವ ಎಲ್ಲರೂ ಇದನ್ನು ಓದಬೇಕು. ಓದಲು ಬಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಬೇಕು.

ರಾಗಿ ಕೊಯ್ಲು ಮುಗಿದು ಕಣ ತುಂಬುವ ಹೊತ್ತಿಗೆ ಕೆಲವು ಮನೆಗಳಲ್ಲಿ ಹುಂಜ ಕೂಗುವುದನ್ನು ನಿಲ್ಲಿಸುತ್ತದೆ. ಗದ್ದದ ಕೆಳಗೆ ಇಳಿಬಿದ್ದ ಕೆಂಪು ಜೋಲು ಊದಿ ದಪ್ಪಗಾಗಿರುತ್ತದೆ. ಆಗ ಕೇಳಿಬರುವ ಮಾತು ಎರಡೇ. ಒಂದು, "ಚಳಿಗೆ ಊದೈತೆ, ಬಿಸಿಲಾದ್ರೆ ಇಳೀತದೆ." ಇನ್ನೊಂದು, "ಸಾಯಾಕ್ ಮುಂಚೆ ಕುಯ್ದುಬಿಡ್ರಿ." ಎರಡನ್ನೂ ಕೇಳಬೇಡಿ. ಮೊದಲನೆಯದರಿಂದ ಓಣಿಯ ಕೋಳಿಗಳೆಲ್ಲ ಹೋಗಬಹುದು. ಎರಡನೆಯದರಿಂದ ಮನೆಯವರ ಜೀವಕ್ಕೇ ಅಪಾಯ ಬರಬಹುದು.

ಪಕ್ಕದ ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಕೇಂದ್ರವಿದೆ. ದನ ಸಾಕುವುದರಲ್ಲಿ ಹೆಸರಾದ ಸೀಮೆ ಇದು. ಹಸು ಮೇವು ಬಿಟ್ಟರೆ ಅದೇ ದಿನ ಡಾಕ್ಟರಿಗೆ ಫೋನು ಹೋಗುತ್ತದೆ. ಹುಂಜ ಕಾಳು ಬಿಟ್ಟರೆ ಮಾತ್ರ ಕತ್ತಿ ಹುಡುಕುತ್ತೇವೆ. ಈ ರೂಢಿ ನಿಲ್ಲಬೇಕು. ಹಿತ್ತಲ ಕೋಳಿ ಬಹುಪಾಲು ಮನೆಗಳಲ್ಲಿ ಹೆಂಗಸರ ಕೈಯ ದುಡ್ಡು, ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ದುಡ್ಡು. ಅದನ್ನು ಉಳಿಸುವುದೂ ಮನೆಯ ಕೆಲಸವೇ.

ಚಳಿಯನ್ನು ದೂರಬೇಡಿ

ಹಿಮ ಬೀಳುವ ದೇಶಗಳಲ್ಲಿ ಹುಂಜದ ಜುಟ್ಟು, ಜೋಲು ಚಳಿಗೆ ಹೆಪ್ಪುಗಟ್ಟಿ ಊದುವುದುಂಟು, ಕಪ್ಪಾಗಿ ಉದುರುವುದೂ ಉಂಟು. ಅದಕ್ಕೆ ನೀರು ಹೆಪ್ಪುಗಟ್ಟುವಷ್ಟು ಶೀತ ಬೇಕು. ಕಡೂರಿನ ಬಯಲಲ್ಲಿ ಮಾಗಿಯ ಚಳಿ ಎಷ್ಟೇ ಕೊರೆದರೂ ಅಲ್ಲಿಗೆ ಮುಟ್ಟುವುದಿಲ್ಲ. ಆ ದೇಶಗಳವರು ವಿಡಿಯೋದಲ್ಲಿ ಹೇಳುವ ವ್ಯಾಸಲೀನಿನ ಚಿಕಿತ್ಸೆ ನಮ್ಮ ಹುಂಜಕ್ಕಲ್ಲ. ಇಲ್ಲಿ ಜೋಲು ಊದಿದೆ ಎಂದರೆ ರೋಗಾಣು ಹೊಕ್ಕಿರಬೇಕು, ಇಲ್ಲವೇ ಗಾಯವಾಗಿರಬೇಕು, ಅಥವಾ ಹುಳ ಕಚ್ಚಿರಬೇಕು.

ಹಾಗಾದರೆ ಮಾಗಿಯಲ್ಲೇ ಯಾಕೆ ಹೆಚ್ಚು? ಚಳಿಯೆಂದು ನಾವು ಗೂಡನ್ನು ಗೋಣಿಚೀಲದಿಂದ ಸುತ್ತಲೂ ಮುಚ್ಚುತ್ತೇವೆ. ಒಳಗೆ ಹಿಕ್ಕೆಯ ಘಾಟು ನಿಲ್ಲುತ್ತದೆ, ಉಸಿರಿನ ತೇವ ನಿಲ್ಲುತ್ತದೆ. ಒತ್ತೊತ್ತಾಗಿ ಕೂತ ಕೋಳಿಗಳಲ್ಲಿ ಒಂದರ ಸಿಂಬಳ ಇನ್ನೊಂದಕ್ಕೆ ತಾಗುತ್ತದೆ. ಸುಗ್ಗಿಯ ಸಂತೆ, ಜಾತ್ರೆ, ಹರಕೆಗಳಿಗೆಂದು ಕೋಳಿಗಳು ಊರಿಂದೂರಿಗೆ ತಿರುಗುವ ಕಾಲವೂ ಇದೇ. ಅಯ್ಯನಕೆರೆ, ಮದಗದ ಕೆರೆಯಂಥ ನೀರಿಗೆ ವಲಸೆ ಹಕ್ಕಿಗಳು ಇಳಿಯುವ ಕಾಲವೂ ಇದೇ.

ಊತ ಕಂಡ ದಿನವೇ ಮಾಡಬೇಕಾದ್ದು

ಹುಂಜವನ್ನು ಬೇರೆ ಮಾಡಿ. ನಾಳೆಗೆ ಬಿಡಬೇಡಿ. ಜೋಲು ಊದಿಸುವ ನೆಗಡಿ ರೋಗದ ಅಣು ಒಂದು ಕೋಳಿಯಿಂದ ಇನ್ನೊಂದಕ್ಕೆ ಹೋಗಿ 1ರಿಂದ 3 ದಿನದೊಳಗೆ ಲಕ್ಷಣ ತೋರಿಸುತ್ತದೆ. ನೀವು "ನೋಡೋಣ" ಎಂದು ಕಾಯುವಷ್ಟರಲ್ಲಿ ಅದು ಗೂಡನ್ನೆಲ್ಲ ಹಿಡಿದಿರುತ್ತದೆ. ಕೊಟ್ಟಿಗೆಯ ಇನ್ನೊಂದು ಮೂಲೆ ಬೇರೆ ಜಾಗವಲ್ಲ. ಉಳಿದ ಕೋಳಿಗಳು ಕಾಣದಷ್ಟು ದೂರ ಮಂಕರಿಯಲ್ಲೋ ಮರದ ಪೆಟ್ಟಿಗೆಯಲ್ಲೋ ಇಡಿ. ಬೇರೆ ನೀರಿನ ಪಾತ್ರೆ, ಬೇರೆ ಕಾಳಿನ ತಟ್ಟೆ ಇರಲಿ.

ಹುಂಜವನ್ನು ಮುಟ್ಟುವ ಮೊದಲು ಮೂಗು ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಪ್ಲಾಸ್ಟಿಕ್ ಕವರನ್ನಾದರೂ ಹಾಕಿಕೊಳ್ಳಿ. ಮುಗಿದ ಮೇಲೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಿರಿ. ಕೆಲಸದ ಸರದಿ ಹೀಗೆಯೇ ಇರಬೇಕು: ಮೊದಲು ಚೆನ್ನಾಗಿರುವ ಕೋಳಿಗಳಿಗೆ ನೀರು, ಕಾಳು, ಕೊನೆಗೆ ಕಾಯಿಲೆಯ ಹುಂಜಕ್ಕೆ. ತಿರುಗಾಮುರುಗಾ ಮಾಡಿದರೆ ರೋಗ ಹೊತ್ತುಕೊಂಡು ಹೋಗುವವರು ನೀವೇ.

ಆಮೇಲೆ ನೋಡಿ. ಬೆಳಕಿರುವಾಗ, ಹುಂಜವನ್ನು ಹಳೆಯ ಸೀರೆ ತುಂಡಿನಲ್ಲಿ ಸುತ್ತಿ ರೆಕ್ಕೆ ಬಡಿಯದಂತೆ ತೊಡೆಯ ಮೇಲಿಟ್ಟುಕೊಂಡು ನೋಡಿ. ಕೋಳಿಯ ಮೈ ಸಹಜವಾಗಿಯೇ 41–42 ಡಿಗ್ರಿ ಸೆಲ್ಸಿಯಸ್ ಬಿಸಿ ಇರುತ್ತದೆ, ನಮ್ಮ ಕೈಗೆ ಯಾವಾಗಲೂ ಜ್ವರದಂತೆಯೇ ತೋರುತ್ತದೆ. ಆದ್ದರಿಂದ ಬರಿಯ ಬಿಸಿಯನ್ನು ನಂಬಬೇಡಿ. ಒಂದು ಕಡೆಯ ಜೋಲನ್ನು ಇನ್ನೊಂದು ಕಡೆಯದರ ಜೊತೆ ಹೋಲಿಸಿ.

ಒಂದೇ ಜೋಲು ದಪ್ಪಗೆ ಊದಿ, ಮುಟ್ಟಿದರೆ ಮೊದಮೊದಲು ಮೆತ್ತಗಿದ್ದು ದಿನ ಕಳೆದಂತೆ ಗಟ್ಟಿಯಾಗುತ್ತಿದ್ದರೆ ಅದು ಕೋಳಿ ಕಾಲರಾ ಇರಬಹುದು. ಇದು ಎರಡು ರೂಪದಲ್ಲಿ ಬರುತ್ತದೆ. ಜೋರಿನ ರೂಪದಲ್ಲಿ ಸಂಜೆ ಚೆನ್ನಾಗಿದ್ದ ಕೋಳಿ ಬೆಳಿಗ್ಗೆ ಸತ್ತಿರುತ್ತದೆ. ನಿಧಾನದ ರೂಪದಲ್ಲಿ ರೋಗಾಣು ಜೋಲಿನಲ್ಲೋ ಕಾಲಿನ ಗಂಟಿನಲ್ಲೋ ನೆಲೆ ನಿಲ್ಲುತ್ತದೆ. ಹುಂಜ ವಾರಗಟ್ಟಲೆ ಬದುಕಿದ್ದು ಉಳಿದವಕ್ಕೆ ಹರಡುತ್ತಿರುತ್ತದೆ. ಲೂಯಿ ಪಾಶ್ಚರ್ 1880ರ ಸುಮಾರಿಗೆ ಪ್ರಯೋಗಾಲಯದಲ್ಲಿ ರೋಗಾಣುವಿನ ಬಲ ಕುಂದಿಸಿ ಲಸಿಕೆ ಮಾಡಿ ತೋರಿಸಿದ್ದು ಇದೇ ರೋಗಕ್ಕೆ. ನೂರೈವತ್ತು ವರ್ಷದಿಂದ ವಿಜ್ಞಾನಕ್ಕೆ ಗೊತ್ತಿರುವ ಕಾಯಿಲೆಯನ್ನು ನಾವು ಇನ್ನೂ ಚಳಿಯ ಲೆಕ್ಕಕ್ಕೆ ಬರೆಯುತ್ತಿದ್ದೇವೆ.

ಎರಡೂ ಜೋಲಿನ ಜೊತೆ ಮುಖವೂ ಊದಿ, ಕಣ್ಣು ಮುಚ್ಚಿಕೊಂಡು, ಮೂಗಿನಿಂದ ಸೋರುವುದು ಕೆಟ್ಟ ವಾಸನೆ ಹೊಡೆಯುತ್ತಿದ್ದರೆ ಸಾಂಕ್ರಾಮಿಕ ನೆಗಡಿ. ವಾಸನೆಯೇ ಇದರ ದೊಡ್ಡ ಗುರುತು. ಹುಂಜಗಳಲ್ಲಿ ಜೋಲು ಊದುವುದು ಹ್ಯಾಟೆಗಳಿಗಿಂತ ಎದ್ದು ಕಾಣುತ್ತದೆ. ಜೋಲಿನ ಮೇಲೆ ಗುಳ್ಳೆ, ಕಂದು ಹಕ್ಕಳೆ ಇದ್ದರೆ ಸಿಡುಬು. ಬಾಯಿ ತೆರೆದು ಒಳಗೆ ಹಳದಿ ಪೊರೆ ಇದೆಯೇ ನೋಡಿ, ಇದ್ದರೆ ಹುಂಜ ಉಸಿರುಕಟ್ಟಿ ಸಾಯಬಹುದು. ಸಿಡುಬನ್ನು ಮುಖ್ಯವಾಗಿ ಸೊಳ್ಳೆ ಹರಡುತ್ತದೆ. ಕೊಕ್ಕಿನ ಗುರುತು, ಮುಳ್ಳು ಹರಿದ ಗೆರೆ, ಅಂಟಿಕೊಂಡ ಉಣ್ಣೆ ಕಂಡರೆ ಗಾಯದ ಊತ. ಅಷ್ಟೇ ಆಗಿದ್ದರೆ ಸಮಾಧಾನ.

ನೋಡಿದ್ದನ್ನು ಫೋನಿನಲ್ಲಿ ಫೋಟೋ ತೆಗೆದಿಡಿ. ಹತ್ತಿರದ ಪಶು ಆಸ್ಪತ್ರೆಗೋ ಕಡೂರಿನ ಆಸ್ಪತ್ರೆಗೋ ತಿಳಿಸಿ. 1962ಕ್ಕೆ ಕರೆ ಮಾಡಿದರೆ ದುಡ್ಡಿಲ್ಲ; ಪಶು ಸಂಜೀವಿನಿಯ ಸಂಖ್ಯೆ ಅದು. ಹುಂಜಕ್ಕೋಸ್ಕರ ಫೋನು ಮಾಡಲು ನಾಚಬೇಡಿ. ಕೇಳಿದ್ದಕ್ಕೆ ಉತ್ತರ ಸಿದ್ಧವಿರಲಿ: ಊತ ಎಂದಿನಿಂದ, ಒಂದು ಕಡೆಯೋ ಎರಡೂ ಕಡೆಯೋ, ಹಿಕ್ಕೆಯ ಬಣ್ಣ ಏನು, ಬೇರೆ ಎಷ್ಟು ಕೋಳಿಗೆ ಬಂದಿದೆ, ಹೊಸ ಕೋಳಿ ಯಾವಾಗ ತಂದಿರಿ.

ಯಾವ ಕಾರಣಕ್ಕೂ ಮಾಡಬಾರದ್ದು

ಊತವನ್ನು ಕೊಯ್ಯಬೇಡಿ. ಬ್ಲೇಡು, ಜಾಲಿಮುಳ್ಳು, ದಬ್ಬಣ, ಕಾಯಿಸಿದ ಕಬ್ಬಿಣ ಯಾವುದೂ ಜೋಲಿಗೆ ತಾಗಕೂಡದು. ಕೋಳಿಯ ಕೀವು ನಮ್ಮ ಕೀವಿನ ಹಾಗೆ ಹರಿಯುವುದಿಲ್ಲ; ಗಿಣ್ಣದ ಹಾಗೆ ಗಟ್ಟಿಯಾಗಿ ಒಳಗೇ ಕೂರುತ್ತದೆ. ಚುಚ್ಚಿದರೆ ಬರುವುದು ರಕ್ತ ಮಾತ್ರ. ಜೋಲೆಂಬುದು ತೆಳು ಚರ್ಮದೊಳಗೆ ರಕ್ತನಾಳಗಳೇ ತುಂಬಿದ ಅಂಗ. ಬೆವರದ ಕೋಳಿ ಮೈಯ ಬಿಸಿ ಹೊರಹಾಕುವುದು ಅದರಿಂದಲೂ. ಅಲ್ಲಿ ರಕ್ತ ಕಿತ್ತುಕೊಂಡರೆ ನಿಲ್ಲಿಸುವುದು ಕಷ್ಟ. ಆ ರಕ್ತವೇ ರೋಗಾಣುವನ್ನು ಅಂಗಳವೆಲ್ಲ ಹರಡುತ್ತದೆ. ರಕ್ತ ಕಂಡ ಉಳಿದ ಕೋಳಿಗಳು ಕುಕ್ಕದೆ ಬಿಡುವುದಿಲ್ಲ. ಗಟ್ಟಿ ಕೀವನ್ನು ತೆಗೆಯಬೇಕಾದರೆ ಪಶುವೈದ್ಯರೇ ತೆಗೆಯಬೇಕು.

ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು, ಸುಣ್ಣ ಹಚ್ಚಬೇಡಿ. ಚರ್ಮ ಸುಡುತ್ತದೆ, ಒಳಗಿನ ರೋಗ ಹಾಗೇ ಇರುತ್ತದೆ. ಅರಿಶಿನ, ಕೊಬ್ಬರಿ ಎಣ್ಣೆ ಹೊರಗಿನ ಗೀರಿಗೆ ಹಚ್ಚಿದರೆ ಹಾನಿಯಿಲ್ಲ. ಆದರೆ ಹಚ್ಚಿದೆವು, ಇನ್ನು ಡಾಕ್ಟರು ಬೇಡ ಎಂದುಕೊಳ್ಳಬೇಡಿ.

ಕೊಕ್ಕು ಬಿಡಿಸಿ ಏನನ್ನೂ ಸುರಿಯಬೇಡಿ. ಬೆಳ್ಳುಳ್ಳಿ ಮೆಣಸಿನ ಕಷಾಯವಿರಲಿ, ಅಂಬಲಿ ಇರಲಿ, ಬರೀ ನೀರಿರಲಿ. ಕೋಳಿಯ ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಕತ್ತು ಮೇಲೆತ್ತಿ ಸುರಿದದ್ದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ರೋಗದಿಂದ ಬದುಕುತ್ತಿದ್ದ ಹುಂಜ ಔಷಧಿ ಕುಡಿಸಿದವರ ಕೈಯಲ್ಲಿ ಸಾಯುವುದು ಹೀಗೆ.

ಮನುಷ್ಯರ ಮಾತ್ರೆ ಅರ್ಧ ಮುರಿದು ಹಾಕಬೇಡಿ. ಮೆಡಿಕಲ್ ಶಾಪಿನಲ್ಲಿ "ಕೋಳಿಗೆ ಒಂದು ಪುಡಿ ಕೊಡಿ" ಎಂದು ಕೇಳಿ ತಂದು ನೀರಿಗೆ ಕಲಸಬೇಡಿ. ಕಾಲರಾ, ನೆಗಡಿಗೆ ಆಂಟಿಬಯೋಟಿಕ್ ಕೆಲಸ ಮಾಡುತ್ತದೆ, ಯಾವುದು ಎಷ್ಟು ದಿನ ಎಂದು ಹೇಳಬೇಕಾದವರು ವೈದ್ಯರು. ಸಿಡುಬಿನ ವೈರಸ್‌ಗೂ ಹಕ್ಕಿಜ್ವರಕ್ಕೂ ಅದು ತಾಗುವುದಿಲ್ಲ. ಊತ ಇಳಿಯಿತೆಂದು ನಡುವೆ ನಿಲ್ಲಿಸಲೂಬೇಡಿ. ಉಳಿದ ಅಣುಗಳು ಗಟ್ಟಿಗೊಂಡು ಮರಳುತ್ತವೆ. ಕೊಲಿಸ್ಟಿನ್ ಎಂಬ ಔಷಧಿಯನ್ನು ನಾವು ತಿನ್ನುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರ 2019ರ ಜುಲೈಯಲ್ಲಿ ನಿಷೇಧಿಸಿದೆ, ಏಕೆಂದರೆ ಬೇರೆ ಯಾವ ಔಷಧಿಗೂ ಬಗ್ಗದ ಸೋಂಕು ಹತ್ತಿದ ರೋಗಿಗೆ ಆಸ್ಪತ್ರೆಯಲ್ಲಿ ಕೊನೆಗೆ ಕೊಡುವ ಮದ್ದುಗಳಲ್ಲಿ ಅದೊಂದು. ಆ ಹೆಸರಿನ ಹಳೆಯ ಪ್ಯಾಕೆಟ್ ಮನೆಯಲ್ಲಿದ್ದರೆ ಬಳಸಕೂಡದು.

ಮಾರಬೇಡಿ. ಕಡೂರು, ಬೀರೂರು ಸಂತೆಗಳಿಗೆ ಒಯ್ಯಬೇಡಿ, ನೆಂಟರಿಗೆ ಕೊಟ್ಟು ಕಳಿಸಬೇಡಿ. ಹರಕೆಗೆಂದು ಬಿಟ್ಟ ಹುಂಜವಾದರೂ ಊದಿದ್ದನ್ನು ಜಾತ್ರೆಗೆ ಕೊಂಡೊಯ್ಯುವುದು ಬೇಡ. ನೂರು ಊರಿನ ಕೋಳಿಗಳು ಸೇರುವ ಜಾಗಕ್ಕೆ ರೋಗವನ್ನು ಹೊತ್ತು ಹೋಗುವುದನ್ನು ಯಾವ ದೇವರೂ ಒಪ್ಪುವುದಿಲ್ಲ. ಕಾಳಗಕ್ಕೆ ಬಿಟ್ಟು ಜೋಲು ಹರಿಸಿಕೊಂಡು ಬಂದ ಹುಂಜಗಳ ವಿಷಯ ಬೇರೆಯೇ. ಕೋಳಿ ಕಾಳಗ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ.

ಕಾಯಿಲೆಯ ಹುಂಜವನ್ನು ಕೊಯ್ದು ಸಾರು ಮಾಡಬೇಡಿ. "ಚೆನ್ನಾಗಿ ಬೇಯಿಸಿದರೆ ಏನಾಗುತ್ತೆ" ಎಂದು ಕೇಳುತ್ತಾರೆ. ಚೆನ್ನಾಗಿ ಬೆಂದ ಮಾಂಸದಲ್ಲಿ ಹಕ್ಕಿಜ್ವರದ ವೈರಸ್ ಉಳಿಯುವುದಿಲ್ಲ, ನಿಜ. ಅಪಾಯ ಇರುವುದು ಅದಕ್ಕೂ ಮೊದಲು, ಕೊಯ್ಯುವಾಗ ಚಿಮ್ಮುವ ರಕ್ತದಲ್ಲಿ, ಪುಕ್ಕ ಕೀಳುವಾಗ ಏಳುವ ಧೂಳಿನಲ್ಲಿ, ಕರುಳು ತೆಗೆಯುವ ಕೈಯಲ್ಲಿ. ಆ ಕೆಲಸ ಮಾಡುವವರು ಸಾಮಾನ್ಯವಾಗಿ ಮನೆಯ ಹೆಂಗಸರು. ಪಕ್ಕದಲ್ಲಿ ಕೂತು ನೋಡುವವರು ಮಕ್ಕಳು. ಔಷಧಿ ಕೊಟ್ಟಿದ್ದರಂತೂ ವೈದ್ಯರು ಹೇಳಿದಷ್ಟು ದಿನ ಕಳೆಯುವವರೆಗೆ ಆ ಕೋಳಿಯ ಮಾಂಸ, ಅದೇ ಔಷಧಿ ಕುಡಿದ ಹ್ಯಾಟೆಗಳ ಮೊಟ್ಟೆ ಮುಟ್ಟಕೂಡದು.

ಈ ಗುರುತು ಕಂಡರೆ ದೂರ ನಿಲ್ಲಿ

ಜೋಲು, ಜುಟ್ಟು ನೀಲಿಗಟ್ಟಿದ್ದರೆ, ತಲೆಯೇ ಊದಿದ್ದರೆ, ಕಾಲಿನ ಚರ್ಮದಡಿ ರಕ್ತದ ಕೆಂಪು ಮಚ್ಚೆಗಳಿದ್ದರೆ, ಒಂದೆರಡು ದಿನದಲ್ಲಿ ಮೂರು ನಾಲ್ಕು ಕೋಳಿ ಸತ್ತರೆ ಇನ್ನು ಮನೆಯ ಆರೈಕೆಯ ಮಾತಿಲ್ಲ. ಇದು ಹಕ್ಕಿಜ್ವರವೂ ಇರಬಹುದು, ಕೊಕ್ಕರೆ ರೋಗವೂ ಇರಬಹುದು. ಕಣ್ಣಳತೆಯಲ್ಲಿ ಬೇರ್ಪಡಿಸಲು ಯಾರಿಂದಲೂ ಆಗದು.

ಹಕ್ಕಿಜ್ವರ ನಮ್ಮ ಕಡೆ ಬರುವುದಿಲ್ಲ ಎನ್ನಬೇಡಿ. 2012ರಲ್ಲಿ ಬೆಂಗಳೂರಿನ ಹೊರಗೆ ಹೆಸರಘಟ್ಟದ ಕೇಂದ್ರ ಕೋಳಿ ಸಾಕಣೆ ಸಂಸ್ಥೆಯಲ್ಲಿ ಬಂತು. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲೂ ನಮಗೆ ದೂರವೇನಲ್ಲದ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲೂ ಬಂತು. 2025ರ ಚಳಿಗಾಲದ ಕೊನೆಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ, ಬಳ್ಳಾರಿ ಜಿಲ್ಲೆ ಸಂಡೂರಿನ ಕುರೆಕುಪ್ಪದಲ್ಲಿ ಬಂತು. ಈ ವರದಹಳ್ಳಿ, ಬನ್ನಿಕೋಡು, ಕುರೆಕುಪ್ಪಗಳು ಹಿರೇನಲ್ಲೂರಿನಂಥ ಊರುಗಳೇ.

ಸತ್ತ ಕೋಳಿಯನ್ನು ಮುಟ್ಟಬೇಡಿ, ಕೊಯ್ದು ನೋಡಬೇಡಿ, ಕೆರೆಗೆ, ಹಳ್ಳಕ್ಕೆ, ತಿಪ್ಪೆಗೆ ಎಸೆಯಬೇಡಿ. ನಾಯಿ, ಬೆಕ್ಕು, ಮಕ್ಕಳು ಹತ್ತಿರ ಹೋಗದಂತೆ ಮಂಕರಿ ಕವುಚಿ ಮೇಲೆ ಕಲ್ಲಿಡಿ. ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ. ಹೀಗೆ ತಿಳಿಸುವುದು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಮತ್ತು ನಿಯಂತ್ರಣ ಕಾಯ್ದೆಯಂತೆ ಸಾಕಿದವರ ಕರ್ತವ್ಯ. ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಿ ರೋಗ ಖಚಿತವಾದರೆ ಸುತ್ತಲ 1 ಕಿಲೋಮೀಟರಿನ ಕೋಳಿಗಳನ್ನು ಪಶುಪಾಲನಾ ಇಲಾಖೆ ಕೊಲ್ಲಿಸುತ್ತದೆ. ಈ ಹೆದರಿಕೆಗೇ ಜನ ಮುಚ್ಚಿಡುತ್ತಾರೆ. ಇಲಾಖೆ ಕೊಲ್ಲಿಸಿದ ಕೋಳಿಗೆ ಪರಿಹಾರವಿದೆ, ಅದಕ್ಕೂ ಮೊದಲೇ ಸತ್ತದ್ದಕ್ಕೆ ಇಲ್ಲ. ಮುಚ್ಚಿಟ್ಟರೆ ದುಡ್ಡೂ ಹೋಗುತ್ತದೆ, ಕೋಳಿಯೂ ಹೋಗುತ್ತದೆ. ಕೋಳಿ ಮುಟ್ಟಿದವರಿಗೆ ಆಮೇಲೆ ಜ್ವರ, ಕೆಮ್ಮು, ಕಣ್ಣುರಿ ಬಂದರೆ ಸರ್ಕಾರಿ ಆಸ್ಪತ್ರೆಯಲ್ಲಿ "ಕಾಯಿಲೆ ಕೋಳಿ ಮುಟ್ಟಿದ್ದೆ" ಎಂದು ಮೊದಲು ಹೇಳಬೇಕು.

ವೈದ್ಯರು ಮನೆಯಲ್ಲೇ ನೋಡಿಕೊಳ್ಳಿ ಎಂದರೆ

ಮಂಕರಿಯೊಳಗೆ ಒಣ ಭತ್ತದ ಹೊಟ್ಟು ಅಥವಾ ರಾಗಿ ಹುಲ್ಲು ಹಾಸಿ, ಒದ್ದೆಯಾದರೆ ಅದೇ ದಿನ ಬದಲಿಸಿ. ಗಾಳಿ ಬೇಕು, ಆದರೆ ಮೈಗೆ ನೇರ ಬಡಿಯಬಾರದು. ಮೂರು ಕಡೆ ಗೋಣಿ ಕಟ್ಟಿ ಒಂದು ಕಡೆ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಕೂಡದು, ಹೊಗೆ ಮೊದಲೇ ಕಟ್ಟಿದ ಉಸಿರನ್ನು ಕೊಲ್ಲುತ್ತದೆ. ಬಲ್ಬು ಇಡುವುದಾದರೆ ಹಳೆಯ ತಂತಿಯ ಬಲ್ಬೇ ಬೇಕು, ಎಲ್‌ಇಡಿ ಬೆಳಕು ಕೊಡುತ್ತದೆಯೇ ಹೊರತು ಶಾಖ ಕೊಡುವುದಿಲ್ಲ. ಹುಲ್ಲಿಗೆ ತಾಗದಂತೆ ಭದ್ರವಾಗಿ, ಒಂದೇ ಪಕ್ಕದಲ್ಲಿ ಕಟ್ಟಿ. ಬೇಡವೆನಿಸಿದಾಗ ಹುಂಜ ಆಚೆ ಸರಿಯಲು ಜಾಗವಿರಲಿ. ಬೆಳಗಿನ ಇಬ್ಬನಿ ಆರಿದ ಮೇಲೆ ಎಳೆ ಬಿಸಿಲಿಗೆ ಮಂಕರಿಯ ಸಮೇತ ಇಡಿ.

ನೀರು ಉಗುರುಬೆಚ್ಚಗಿರಲಿ, ದಿನಕ್ಕೆ ಎರಡು ಸಲ ಬದಲಾಗಲಿ. ಪಾತ್ರೆಯ ಬಾಯಿ ಕಿರಿದಿರಬೇಕು: ಅಗಲ ಬೋಗುಣಿಯಲ್ಲಿ ಕುಡಿಯುವಾಗ ಊದಿದ ಜೋಲು ನೀರಿನಲ್ಲಿ ಮುಳುಗಿ ರಾತ್ರಿಯೆಲ್ಲ ತೇವವಾಗಿರುತ್ತದೆ, ನೀರೂ ಕೊಳೆಯಾಗುತ್ತದೆ. ಕಾಳು ಕುಕ್ಕಲಾಗದಿದ್ದರೆ ರಾಗಿ ಮುದ್ದೆಯ ಚೂರು, ಮೆತ್ತಗೆ ಬೆಂದ ಅನ್ನ, ಹೆಚ್ಚಿದ ನುಗ್ಗೆಸೊಪ್ಪು ಮುಂದಿಡಿ. ಉಪ್ಪು ಖಾರದ ಸಾರನ್ನ ಬೇಡ, ಹೆಚ್ಚು ಉಪ್ಪು ಕೋಳಿಗೆ ವಿಷವೇ ಸರಿ. ತಾನಾಗಿ ತಿನ್ನದಿದ್ದರೆ ಬೆರಳ ತುದಿಯಿಂದ ಕೊಕ್ಕಿನ ಪಕ್ಕಕ್ಕೆ ತಾಗಿಸಿ; ಅದು ನೆಕ್ಕಿಕೊಳ್ಳಲಿ.

ಬರೀ ಗಾಯವಾಗಿದ್ದರೆ 1 ಲೀಟರ್ ನೀರಿಗೆ ಒಂದೂವರೆ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿ, ಆ ನೀರಿನಲ್ಲಿ ಹತ್ತಿ ಅದ್ದಿ ತೊಳೆಯಿರಿ, ಒರೆಸಿ ಒಣಗಿಸಿ. ಸಿಡುಬಿನ ಹಕ್ಕಳೆಯನ್ನು ಕೀಳಬೇಡಿ. ಉದುರಿದ ಹಕ್ಕಳೆಯಲ್ಲೂ ವೈರಸ್ ಬಹಳ ಕಾಲ ಬದುಕಿರುತ್ತದೆ, ಗುಡಿಸಿ ಸುಡಿ.

ಹುಂಜ ಉಳಿಯದಿದ್ದರೆ ಬಾವಿ, ಬೋರ್‌ವೆಲ್‌ಗಳಿಂದ ದೂರ ಮೊಣಕಾಲಿಗಿಂತ ಆಳದ ಗುಂಡಿ ತೋಡಿ, ಮೇಲೆ ಕೆಳಗೆ ಸುಣ್ಣ ಹಾಕಿ ಹೂಳಿ. ಗೂಡನ್ನು ಕೆರೆದು ತೊಳೆದು, ಸುಣ್ಣ ಬಳಿದು, ಬಿಸಿಲಿಗೆ ಒಡ್ಡಿ. ಸೂರ್ಯನ ಬಿಸಿಲು ಕಾಲರಾದ ಅಣುವನ್ನೂ ನೆಗಡಿಯ ಅಣುವನ್ನೂ ಬೇಗ ಕೊಲ್ಲುತ್ತದೆ, ಇದಕ್ಕೆ ಖರ್ಚಿಲ್ಲ. ಗೋಡೆಯ ಬಿರುಕಿನ ಉಣ್ಣೆಯನ್ನು ತೆಗೆಯಲೂ ಇದೇ ಸಮಯ.

ಹುಂಜ ಚೇತರಿಸಿಕೊಂಡ ಮೇಲೆ ಒಂದು ಕಷ್ಟದ ಮಾತಿದೆ, ಆದರೆ ಹೇಳಲೇಬೇಕು. ಕಾಲರಾದಿಂದಲೋ ನೆಗಡಿಯಿಂದಲೋ ಎದ್ದ ಕೋಳಿ ನೋಡಲು ಗಟ್ಟಿಮುಟ್ಟಾಗಿದ್ದರೂ ರೋಗಾಣುವನ್ನು ಒಳಗಿಟ್ಟುಕೊಂಡಿರಬಹುದು. ಮತ್ತೆ ಕೂಗಿತೆಂದು ಅದನ್ನು ಮರಿಗಳ ನಡುವೆ ಬಿಡಬೇಡಿ, ತಳಿಗೆ ಇಟ್ಟುಕೊಳ್ಳಬೇಡಿ, ಇನ್ನೊಬ್ಬರ ಗೂಡಿಗೆ ಕೊಡಬೇಡಿ. ಪ್ರೀತಿಯಿಂದ ಉಳಿಸಿಕೊಂಡವರು ಅದನ್ನು ಬೇರೆಯಾಗಿಯೇ ಸಾಕಬೇಕು. ಸಂತೆಯಿಂದ ಹೊಸ ಕೋಳಿ ತಂದರೂ ಎರಡು ಮೂರು ವಾರ ಬೇರೆ ಇಟ್ಟು ನೋಡಿ, ಆಮೇಲೆ ಸೇರಿಸಿ.

ಲಸಿಕೆ ಚೆನ್ನಾಗಿರುವ ಕೋಳಿಗೆ ಮಾತ್ರ. ಊದಿದ ಹುಂಜಕ್ಕೆ ಈಗ ಲಸಿಕೆ ಹಾಕಿಸಿ ಎಂದು ಒತ್ತಾಯಿಸಬೇಡಿ. ಕೊಕ್ಕರೆ ರೋಗಕ್ಕೆ ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟನೆಯ ವಾರದ ಹೊತ್ತಿಗೆ ಚುಚ್ಚುಮದ್ದು. ಸಿಡುಬಿಗೆ ಆರರಿಂದ ಎಂಟನೆಯ ವಾರದಲ್ಲಿ ರೆಕ್ಕೆಯ ಪೊರೆಗೆ. ಇಲ್ಲಿಯ ತೊಡಕು ಬೇರೆ. ಲಸಿಕೆಯ ಒಂದು ಸೀಸೆಯಲ್ಲಿ ನೂರಾರು ಕೋಳಿಗಾಗುವಷ್ಟು ಮದ್ದಿರುತ್ತದೆ. ಕಲಸಿದ ಮೇಲೆ ತಣ್ಣಗಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಮನೆಯ ಆರು ಕೋಳಿಗೆಂದು ಸೀಸೆ ಒಡೆಯುವುದು ಆಗದ ಮಾತು. ಆದ್ದರಿಂದ ಓಣಿಯ ಮನೆಗಳು ಸೇರಿ ಕೋಳಿಗಳ ಲೆಕ್ಕ ಬರೆದು, ಪಶು ಆಸ್ಪತ್ರೆಯಲ್ಲಿ ಕೇಳಿ ಒಂದು ದಿನ ಗೊತ್ತುಮಾಡಿಕೊಳ್ಳಬೇಕು. ಆ ದಿನ ಕೋಳಿಗಳನ್ನು ಬೆಳಿಗ್ಗೆ ಗೂಡಿನಿಂದ ಬಿಡಬೇಡಿ, ಹಿಡಿಯಲು ಸಿಗುವುದಿಲ್ಲ. ಕಾಯಿಲೆಯ ಕೋಳಿ ಇರುವ ಮನೆಯವರು ಅದನ್ನು ಮೊದಲೇ ಹೇಳಿ, ಆ ದಿನ ಬರದೆ ಇರಬೇಕು. ಕೋಳಿಗಳ ಲೆಕ್ಕದ ಪಟ್ಟಿಯನ್ನು ಅಕ್ಟೋಬರ್ ಮುಗಿಯುವುದರೊಳಗೆ, ಮಾಗಿ ಹಿಡಿಯುವ ಮೊದಲೇ ಆಸ್ಪತ್ರೆಗೆ ಮುಟ್ಟಿಸಿ.